ಗರಿ ಕರಗಿಸಿದ ನೀರು, ನಿಂಗಣ್ಣನ ಬೆರಳು

ರಮ್ಯಾ, ಕಾರ್ಖಾನೆಯ ಕೊಳಕು ನೀರನ್ನು ತಿಳಿ ಮಾಡುವ ಕೆಲಸ ಸಿಕ್ಕಿತು ಅಂತ ನೀನು ಹೇಳಿದಾಗ ಮನೆಯವರೆಲ್ಲ ಸಂತೋಷಪಟ್ಟರು. ನಾನು ಏನೂ ಹೇಳಲಿಲ್ಲ. ಅಜ್ಜಿಗೆ ಅರ್ಥವಾಗಲಿಲ್ಲ ಅಂತ ನಿನ್ನ ತಮ್ಮ ನಕ್ಕ. ಅರ್ಥವಾಗಿತ್ತು ಮಗಳೇ. ಅಂಥ ನೀರಿನ ಪಕ್ಕದಲ್ಲೇ ಅರ್ಧ ಆಯಸ್ಸು ಕಳೆದವಳು ನಾನು. ನಾಲ್ಕು ಜನ ಎದುರಿಗಿದ್ದರೆ ನನಗೆ ಬಾಯಿ ಬರುವುದಿಲ್ಲ, ಅದು ಹುಟ್ಟುಗುಣ. ಬರೆಯಲು ಕೂತರೆ ಬರುತ್ತದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ನೀವಿಬ್ಬರೂ ಓದಿ.

ನಿಮ್ಮ ತಾತ ಹೋದಾಗ ನಿಮ್ಮಪ್ಪ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಬರುವ ದಾರಿಯಲ್ಲಿ, ನಾಲೆಯ ಮಗ್ಗುಲಲ್ಲಿ, ಹೊಸದಾಗಿ ಒಂದು ತಗಡಿನ ಶೆಡ್ಡು ಎದ್ದಿತ್ತು. ಗೊಬ್ಬರದ ಫ್ಯಾಕ್ಟರಿಯಂತೆ, ಹೆಣ್ಣಾಳು ಬೇಕಂತೆ ಅಂತ ನಮ್ಮ ಕೇರಿಯ ಚೌಡಮ್ಮ ನನ್ನನ್ನು ಎಳೆದುಕೊಂಡು ಹೋದಳು. ಗೊಬ್ಬರ ಅಂದರೆ ಸಗಣಿಯೋ ಹಿಂಡಿಯೋ ಇರಬೇಕು ಅಂದುಕೊಂಡಿದ್ದೆ.

ಮೊದಲ ಮೂಟೆ ಬಿಚ್ಚಿದರು. ಕೋಳಿ ಪುಕ್ಕ. ರಕ್ತ ಅಂಟಿದ್ದು, ಒದ್ದೆಯಾಗಿ ಮುದ್ದೆಗಟ್ಟಿದ್ದು, ಹೆದ್ದಾರಿಯ ಕೋಳಿ ಅಂಗಡಿಗಳಿಂದ ಬಂದದ್ದು. ಎರಡನೆಯ ಮೂಟೆ ಬಿಚ್ಚಿದರು. ಅದರ ತುಂಬ ಮನುಷ್ಯರ ಕೂದಲು! ಕೆ.ಆರ್. ಪೇಟೆ, ಕಿಕ್ಕೇರಿ, ನಾಗಮಂಗಲದ ಕ್ಷೌರದಂಗಡಿಗಳಿಂದ ಗುಡಿಸಿ ತಂದದ್ದು, ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಮುಡಿ ಕೊಟ್ಟವರದ್ದು. ಕಪ್ಪು, ಬಿಳಿ, ಮದರಂಗಿ ಹಚ್ಚಿದ ಕೆಂಪು, ಅದರ ನಡುವೆ ಒಂದು ಕೂಸಿನ ರೇಷ್ಮೆಯಂಥ ಮೊದಲ ಮುಡಿ. ನಾನು ಹಿಂದಕ್ಕೆ ಸರಿದು ಕಂಬ ಹಿಡಿದುಕೊಂಡೆ. ಅನ್ನದಲ್ಲಿ ಒಂದು ಎಳೆ ಸಿಕ್ಕಿದರೆ ತಟ್ಟೆಯನ್ನೇ ಸರಿಸಿಬಿಡುವ ಮನೆ ನಮ್ಮದು. ಬಾಚಿದ ಸಿಕ್ಕನ್ನು ಉಂಡೆ ಮಾಡಿ, ಥೂ ಥೂ ಅಂತ ಉಗಿದು ಎಸೆಯುತ್ತಿದ್ದೆವು. ಇಲ್ಲಿ ಅದನ್ನು ತೊಳೆಯಬೇಕಂತೆ, ಕೈಯಲ್ಲಿ.

"ನೋಡವ್ವಾ ಸಾಕವ್ವ, ನಮ್ಮಾವನ್ ಕೂದ್ಲೂ ಇದ್ರಾಗೇ ಇದ್ದದು. ಆಪಾಟಿ ಎಣ್ಣೆ ಬಳ್ಕಂತಾನೆ, ಮುಟ್ಟುದ್ರೆ ಗೊತ್ತಾಯ್ತದೆ," ಅಂದಳು ಚೌಡಮ್ಮ ನನ್ನ ಕಡೆ ತಿರುಗಿ. ಎಲ್ಲರೂ ನಕ್ಕರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಶೆಡ್ಡಿನ ಉಸ್ತುವಾರಿ ರಹಮತ್ ಸಾಹೇಬರದ್ದು. ಪಟ್ಟಣದವರು, ರಸಾಯನಶಾಸ್ತ್ರ ಓದಿದವರು, ನನಗಿಂತ ಚಿಕ್ಕವರು. ಮಾಲೀಕರು ಮೈಸೂರಿನಲ್ಲಿದ್ದು, ಯಾವಾಗಲೋ ಒಮ್ಮೆ ಕಾರಿನಲ್ಲಿ ಬಂದು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಹೋಗುತ್ತಿದ್ದರು. ಸಾಹೇಬರು ನನ್ನ ಮುಖ ನೋಡಿ ಬಂದರು.

"ಅಕ್ಕಾ, ಅಸಹ್ಯ ಪಡಬೇಡಿ. ಗರಿ, ಕೂದಲು, ದನದ ಕೊಂಬು, ಗೊರಸು, ನಮ್ಮ ಉಗುರು, ಎಲ್ಲ ಒಂದೇ ವಸ್ತು. ಕೆರಾಟಿನ್ ಅಂತ ಹೆಸರು. ತಿಪ್ಪೆಗೆ ಹಾಕಿದರೆ ಬೇಗ ಕೊಳೆಯಲ್ಲ, ಹೊಳೆಗೆ ಹಾಕಿದರೆ ಹೊಳೆ ಕೆಡುತ್ತೆ. ಕರಗಿಸಿಬಿಟ್ಟರೆ ಪೈರಿಗೆ ಊಟ."

ಅವತ್ತು ನಾಲೆಯಲ್ಲಿ ಮುಳುಗಿ ಎದ್ದು ಮನೆಗೆ ಹೋದೆ. ಮುದ್ದೆ ಮುರಿಯಲು ಕೈ ಇಟ್ಟರೆ ಕಣ್ಣು ಉಗುರಿನ ಮೇಲೆ. ಕೋಳಿಯ ಪುಕ್ಕವೂ ನನ್ನ ಉಗುರೂ ಒಂದೇ ಅಂದರೆ ಹೇಗೆ? ನನಗೆ ಆಗ ನಂಬಲಾಗಲಿಲ್ಲ. ನಂಬುವ ಹಾಗೆ ಆದದ್ದು ಮುಂದೆ, ನಿಂಗಣ್ಣ ಅನ್ನುವವನ ಕೈ ನೋಡಿದ ಮೇಲೆ.

ಕೆಲಸ ಹೀಗಿತ್ತು. ತೊಳೆದ ಗರಿ, ಕೂದಲನ್ನು ದೊಡ್ಡ ಕಬ್ಬಿಣದ ಹಂಡೆಗೆ ಹಾಕಿ, ಕಾಸ್ಟಿಕ್ ಸೋಡ ಬೆರೆಸಿ ಕುದಿಸುವುದು. ಹಂಡೆಯ ತುಂಬ ಉಬ್ಬಿಕೊಂಡಿದ್ದ ಪುಕ್ಕ ನೋಡನೋಡುತ್ತ ಕುಸಿದು ಕಾಕಂಬಿಯ ಹಾಗೆ ಕಂದು ರಸವಾಗುತ್ತಿತ್ತು. ರಸಕ್ಕೆ ಆಸಿಡ್ಡು ಹನಿಸಿದರೆ ತಳದಲ್ಲಿ ಮಡ್ಡಿ ಕೂರುತ್ತಿತ್ತು. ಆ ಮಡ್ಡಿಯನ್ನು ಒಣಗಿಸಿ ಪುಡಿ ಮಾಡಿ ಚೀಲಕ್ಕೆ ತುಂಬುತ್ತಿದ್ದೆವು. ಚೀಲ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ, ತೋಟಗಳಿಗೆ, ಮತ್ತೆ ಕೋಳಿ ಫಾರಂಗೆ ಅಂದರು ಸಾಹೇಬರು.

"ಕೋಳಿ ಪುಕ್ಕವ ಕೋಳಿಗೇ ತಿನ್ಸದಾ?" ಚೌಡಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಶಿವ್ನೇ! ಅವಕ್ಕೇನ್ ಗೊತ್ತಾಗಕಿಲ್ವಾ ಸಾಯೇಬ್ರೇ, ಇದು ನಮ್ಮತ್ತೆ ಪುಕ್ಕ ಅಂತ?"

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವರ ಹತ್ತಿರ ಮಾತಾಡಲು ನನಗೆ ಧೈರ್ಯ ಬಂದದ್ದು ಅವತ್ತಿನಿಂದ.

ಪುಡಿಯ ವಿಷಯ ಸಲೀಸಾಗಿತ್ತು. ಕಷ್ಟವಿದ್ದದ್ದು ಉಳಿದ ನೀರಿನದ್ದು. ಗರಿ ತೊಳೆದ ನೀರು, ಮಡ್ಡಿ ತೆಗೆದ ಮೇಲಿನ ರಸ, ಹಂಡೆ ತೊಳೆದ ನೀರು, ಎಲ್ಲವೂ ಹಿಂದಿನ ಗುಂಡಿಗೆ ಹೋಗುತ್ತಿತ್ತು. ಒಂದು ಬೆಳಗ್ಗೆ ಗುಂಡಿ ಉಕ್ಕಿ, ಕೆಳಗಿನ ಕಬ್ಬಿನ ಗದ್ದೆಗೆ ಹರಿದಿತ್ತು. ಗದ್ದೆ ಬೋರೇಗೌಡರದ್ದು. ಗದ್ದೆಯ ತಲೆಗೇ ಅವರ ಆಲೆಮನೆ, ಕಬ್ಬು ಅರೆದು ಬೆಲ್ಲ ಮಾಡುವ ಜಾಗ.

"ಯಾರ್ಲಾ ಇಲ್ಲಿ ಯಜ್ಮಾನ? ಈಚೆಗ್ ಬಾರ್ಲಾ!" ಅವರು ಬಾಗಿಲಲ್ಲಿ ನಿಂತು ಕೂಗಿದ್ದು ಈಗಲೂ ಕಿವಿಯಲ್ಲಿದೆ. "ಬಂದ್ ನೋಡು, ನನ್ ಕೂಳೆ ಕಬ್ಬು ಬೆಂಕಿ ಬಿದ್ದಂಗ್ ಸುಟ್ಟೋಗದೆ!"

ಹೋಗಿ ನೋಡಿದೆವು. ಕಡಿದ ಬುಡದಿಂದ ಮತ್ತೆ ಒಡೆದು ನಿನ್ನೆಯವರೆಗೆ ಹಸಿರಾಗಿದ್ದ ಕೂಳೆಯ ಚಿಗುರು ಕರಕಲು ಬಣ್ಣಕ್ಕೆ ತಿರುಗಿ ಮಲಗಿತ್ತು. ಬದುವಿನಲ್ಲಿ ಎರೆಹುಳು ಮೇಲೆದ್ದು ಸತ್ತಿದ್ದವು. ಹಂಡೆಯೊಳಗೆ ಆಗುವುದು ಹೊರಗೂ ಆಗುತ್ತದೆ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಸಾಹೇಬರು ಬಗ್ಗಿ ಮಣ್ಣು ಮುಟ್ಟಿದರು. ತಲೆ ಎತ್ತಿದಾಗ ಅವರ ಮುಖ ಬಿಳುಚಿಕೊಂಡಿತ್ತು.

ಆಮೇಲೆ ಗುಂಡಿಯ ನೀರಿಗೂ ಆಸಿಡ್ಡು ಬೆರೆಸಿ, ಬಣ್ಣ ತಿರುಗುವ ಕಾಗದ ಅದ್ದಿ, ಕಾಸ್ಟಿಕ್ಕಿನ ಖಾರವೂ ಇಲ್ಲ ಆಸಿಡ್ಡಿನ ಹುಳಿಯೂ ಇಲ್ಲ ಅಂತ ಖಾತ್ರಿಯಾದ ಮೇಲಷ್ಟೇ ಹೊರಗೆ ಬಿಡುವ ಪದ್ಧತಿ ಬಂತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಸಾಹೇಬರು ಉಪ್ಪಿನಕಾಯಿ ತೋರಿಸಿ ಹೇಳಿದರು, "ನೋಡಿ ಅಕ್ಕಾ, ಕಾಸ್ಟಿಕ್ಕೂ ಚರ್ಮ ಸುಡುತ್ತೆ, ಆಸಿಡ್ಡೂ ಸುಡುತ್ತೆ. ಎರಡನ್ನೂ ಸೇರಿಸಿದರೆ ಆಗೋದು ಊಟದ ಉಪ್ಪು."

ನನ್ನ ತುತ್ತು ಕೈಯಲ್ಲೇ ನಿಂತಿತು. ಎರಡು ವಿಷ ಕೂಡಿ ಉಪ್ಪಾಗುವುದು ಅಂದರೆ ಎಂಥ ಸೋಜಿಗ ಅಂತ ಮನೆಗೆ ಹೋಗಿ ನಿಮ್ಮಪ್ಪನಿಗೂ ಹೇಳಿದೆ. ಆ ಉಪ್ಪು ಎಲ್ಲಿ ಹೋಗುತ್ತಿದೆ ಅಂತ ಸಾಹೇಬರೂ ಯೋಚಿಸಲಿಲ್ಲ, ನಾನೂ ಕೇಳಲಿಲ್ಲ.

ಬೋರೇಗೌಡರು ಸುಟ್ಟ ಕೂಳೆ ಕಿತ್ತು ಹೊಸದಾಗಿ ನಾಟಿ ಮಾಡಿದರು. ಹೊಸ ನೀರು ಸುಡಲಿಲ್ಲ. ಸುಡುವುದಿರಲಿ, ಕಬ್ಬು ಎದ್ದು ನಿಂತ ರೀತಿ ನೋಡಿ ದಾರಿಹೋಕರು ಸೈಕಲ್ಲಿನಿಂದ ಇಳಿದರು. ಎಲೆ ಕಪ್ಪುಹಸಿರು, ಜಲ್ಲೆ ನನ್ನ ಮುಂಗೈ ದಪ್ಪ. ಕರಗಿದ ಗರಿಯ ಸತ್ವ ಅದು. ಬೈದಿದ್ದ ಗೌಡರೇ ದಿನಾ ಬಂದು, "ಯೋನ್ ಸಾಬ್ರೇ, ಇವತ್ ನೀರು ಬುಡಕಿಲ್ವಾ?" ಅಂತ ಕೇಳುವ ಹಾಗಾಯಿತು. ನಾಗಮಂಗಲ ಕಡೆಯ ತೆಂಗಿನ ತೋಟದವರು ಪೀಪಾಯಿ ಕಟ್ಟಿಕೊಂಡು ಬರತೊಡಗಿದರು. ಗೌಡರ ಗದ್ದೆಯ ಮೇಲ್ಭಾಗ ದಿಬ್ಬದಲ್ಲಿತ್ತು. ನಮ್ಮ ನೀರು ಅಲ್ಲಿಗೆ ಏರುತ್ತಿರಲಿಲ್ಲ, ನಾಲೆಯ ನೀರು ಮಾತ್ರ. ಅಲ್ಲಿಯ ಕಬ್ಬು ಸಣ್ಣದಾಗಿ, ಹಳದಿಯಾಗಿತ್ತು. ಚೌಡಮ್ಮ ಅದಕ್ಕೆ ಮಲಮಗ ಅಂತ ಹೆಸರಿಟ್ಟಳು.

ನಿಂಗಣ್ಣ ನಮ್ಮ ಶೆಡ್ಡಿಗೆ ಬಂದದ್ದು ಆ ಮಳೆಗಾಲದಲ್ಲಿ. ಬೋರೇಗೌಡರ ಆಲೆಮನೆಯಲ್ಲಿ ಪಾಕ ನೋಡುವವನು ಅವನು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕುದ್ದು ಬೆಲ್ಲವಾಗುವ ಒಂದು ಗಳಿಗೆ ಇದೆ. ಮೊದಲೇ ಇಳಿಸಿದರೆ ಬೆಲ್ಲ ಅಚ್ಚು ಕಟ್ಟುವುದಿಲ್ಲ, ತಡವಾದರೆ ಸೀಯುತ್ತದೆ. ಆ ಗಳಿಗೆ ಹಿಡಿಯುವುದು ಬೆರಳಿನಿಂದ. ಬಲಗೈಯ ಮೂರು ಬೆರಳನ್ನು ತಣ್ಣೀರಿನ ಮಡಕೆಯಲ್ಲಿ ಅದ್ದಿ, ಸರಕ್ಕನೆ ಕುದಿಯುವ ಪಾಕಕ್ಕೆ ಹಾಕಿ, ಮತ್ತೆ ಮಡಕೆಗೆ ತಂದು, ಹತ್ತಿದ ಪಾಕ ಉಂಡೆ ಕಟ್ಟುತ್ತದೆಯೇ ಅಂತ ಉರುಳಿಸಿ ನೋಡುತ್ತಾರೆ. ಬೆರಳಿಗೆ ಹತ್ತಿದ ನೀರು ಆ ಒಂದು ಕ್ಷಣ ಅದನ್ನು ಸುಡದಂತೆ ಕಾಯುತ್ತದೆ. ನಿಂಗಣ್ಣನ ಬೆರಳನ್ನು ಕೆ.ಆರ್. ಪೇಟೆ ಕಡೆಯವರೂ ಬಂದು ಕರೆದೊಯ್ಯುತ್ತಿದ್ದರು. ಮಳೆಗಾಲದಲ್ಲಿ ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಒಣಗುವುದಿಲ್ಲ, ಆಲೆಮನೆ ನಿಲ್ಲುತ್ತದೆ. ಅದಕ್ಕೆ ಅವನು ನಮ್ಮಲ್ಲಿ ಹಂಡೆ ಕಾಯಲು ಬಂದ.

ಹಂಡೆ ಕುದಿಸುವುದರಲ್ಲಿ ಅವನಿಗೆ ಯಾರೂ ಸಮವಿಲ್ಲ. ಉರಿ ನೋಡಿಯೇ ರಸದ ಹದ ಹೇಳುತ್ತಿದ್ದ. ಆದರೆ ಹಂಡೆಯ ರಸಕ್ಕೂ ಸಾಹೇಬರು ಅದ್ದುತ್ತಿದ್ದ ಕಾಗದದ ಪಟ್ಟಿ ಕಂಡರೆ ಅವನಿಗೆ ತಾತ್ಸಾರ.

"ಕಾಗ್ದ ಏನ್ ಯೋಳಾದು ಸಾಯೇಬ್ರೇ? ಬೆಂದದಾ ಇಲ್ವಾ ಅಂತ ಬೆಳ್ಳಿಗ್ ಗೊತ್ತಾಯ್ತದೆ," ಅಂತ ಮೂರು ಬೆರಳು ಎತ್ತಿ ತೋರಿಸಿದ.

"ನಿಂಗಣ್ಣ, ನಿನಗೆ ಕೈ ಮುಗೀತೀನಿ. ಇದು ಬೆಲ್ಲ ಅಲ್ಲ. ಕೈ ಹಾಕಬೇಡ."

"ಆಯ್ತು ಬುಡಿ," ಅಂದ. ಅವನು ಹಟಮಾರಿಯಲ್ಲ, ಮಾತು ಕೇಳುವವನೇ. ಆದರೆ ಹಂಡೆಯ ಪಕ್ಕ ನಾವು ಕುಡಿಯಲು ಇಟ್ಟುಕೊಂಡ ನೀರಿನ ಮಡಕೆಯಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಜಡಿಮಳೆಯ ಒಂದು ಮಧ್ಯಾಹ್ನ ಸಾಹೇಬರು ಪಟ್ಟಣಕ್ಕೆ ಹೋಗಿದ್ದರು. ತಗಡು ಸೋರಿ ಕಾಗದದ ಪಟ್ಟಿಗಳೆಲ್ಲ ನೆಂದು ಒಂದೇ ಬಣ್ಣವಾಗಿದ್ದವು. ಹಂಡೆ ಕೊತಕೊತ ಅನ್ನುತ್ತಿತ್ತು. ನಾನು ಗರಿ ಜಾಲಿಸುತ್ತ ಕೂತಿದ್ದವಳು ತಲೆ ಎತ್ತಿದೆ. ನಿಂಗಣ್ಣ ಹಂಡೆಯ ಮುಂದೆ ನಿಂತಿದ್ದ, ಮೈಯೆಲ್ಲ ಆಲೆಮನೆಯಲ್ಲಿ ನಿಂತ ಹಾಗೆ. ಕೈ ತಾನಾಗಿ ಮಡಕೆಗೆ ಹೋಯಿತು. ಮಡಕೆಯಿಂದ ಹಂಡೆಗೆ. ಹಂಡೆಯಿಂದ ಮಡಕೆಗೆ.

"ನಿಂಗಣ್ಣ!" ಅಂತ ಕೂಗಿದೆ. ನನ್ನ ದನಿ ನನಗೇ ಹೊಸದು.

ಅವನು ತಿರುಗಿ ನಕ್ಕ. "ಯಾಕ್ ಇಂಗ್ ಬೆಚ್ತೀಯವ್ವಾ? ಸುಡ್ನೇ ಇಲ್ಲ. ಸೋಪ್ ಮುಟ್ದಂಗದೆ, ಎಂಗ್ ಜಾರ್ತದೆ ನೋಡು." ಬೆರಳಿಗೆ ಬೆರಳು ಉಜ್ಜಿ ತೋರಿಸಿದ. "ಉಂಡೆ ಕಟ್ತಿಲ್ಲ. ಇನ್ನೂ ಬೇಯ್ಬೇಕು." ನಾನು ಎದ್ದು ಓಡಿ ಬರುವಷ್ಟರಲ್ಲಿ ಮತ್ತೊಮ್ಮೆ ಅದ್ದಿದ್ದ.

ಕೈ ಹಿಡಿದು ಎಳೆದೆ. ಪರಗಂಡಸಿನ ಕೈ ಹಿಡಿದೆ ಅನ್ನುವುದು ಕೂಡ ಆಗ ನೆನಪಾಗಲಿಲ್ಲ. ತೊಟ್ಟಿಯಿಂದ ಬಿಂದಿಗೆ ಬಿಂದಿಗೆ ನೀರು ಮೊಗೆದು ಸುರಿದೆ. ಆಗ ಶುರುವಾಯಿತು ಉರಿ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಕುಣಿದ. ಚೌಡಮ್ಮ ನಿಂಬೆಹಣ್ಣು ಹಿಡಿದು ಓಡಿ ಬಂದಳು, ಖಾರಕ್ಕೆ ಹುಳಿ ಅಂತ. ಅಷ್ಟರಲ್ಲಿ ಸಾಹೇಬರ ಮೊಪೆಡ್ಡು ಬಂತು.

"ಬೇಡ, ನಿಂಬೆ ಬೇಡ! ಬರೀ ನೀರು! ಅಕ್ಕಾ ನಿಲ್ಲಿಸಬೇಡಿ!" ಅವರೂ ಬಂದು ಮೊಗೆದರು. ನಿಂಗಣ್ಣ ಹಲ್ಲು ಕಚ್ಚಿಕೊಂಡು, "ಆವಾಗ ಸೋಪಂಗಿತ್ತಲ್ಲ ಸಾಯೇಬ್ರೇ," ಅಂದ.

"ಅದು ಸೋಪಲ್ಲ ನಿಂಗಣ್ಣ. ನಿನ್ನ ಚರ್ಮ ಕರಗಿ ಜಾರ್ತಿತ್ತು," ಅಂದರು ಸಾಹೇಬರು. ಅಂದು ಅವರೇ ಅತ್ತುಬಿಟ್ಟರು.

ಪಾಂಡವಪುರದ ಆಸ್ಪತ್ರೆಯಲ್ಲಿ ಬಟ್ಟೆ ಕಟ್ಟಿದರು. ಕಟ್ಟು ಬಿಚ್ಚಿದಾಗ ಮೂರು ಬೆರಳಿನ ಉಗುರೂ ಇರಲಿಲ್ಲ. ಗರಿ, ಕೂದಲು, ಉಗುರು ಒಂದೇ ಅಂತ ಸಾಹೇಬರು ಹೇಳಿದ್ದು ಸುಳ್ಳಲ್ಲ ಅಂತ ಆಗ ತಿಳಿಯಿತು, ಕಣ್ಣಾರೆ. ಸಾಹೇಬರು ಮಾಡಿದ ಮೊದಲ ಕೆಲಸ ಮಡಕೆಯನ್ನು ಹೊರಗಿಟ್ಟು, ಹಂಡೆಯ ಹತ್ತಿರ ಎತ್ತರಕ್ಕೆ ಕೊಳಾಯಿ ಹಾಕಿಸಿದ್ದು. "ಮಡಕೆ ಇದ್ದರೆ ಕೈ ಅಭ್ಯಾಸದ ದಾರಿಗೆ ಹೋಗುತ್ತೆ. ಕೊಳಾಯಿ ಇದ್ದರೆ ತೊಳೆಯೋಕೆ ಮಾತ್ರ ಹೋಗುತ್ತೆ," ಅಂದರು. ರಮ್ಯಾ, ಇದನ್ನು ಮರೆಯಬೇಡ. ಕೈ ಹಾಕಬೇಡಿ ಅಂತ ಗೋಡೆಗೆ ಬರೆಸಿದರೆ ಸಾಲದು, ಕೈಯನ್ನು ಕರೆಯುವ ವಸ್ತು ಯಾವುದು ಅಂತ ಹುಡುಕಬೇಕು.

ಬೆರಳ ತುದಿಗೆ ಹೊಸ ಚರ್ಮ ಬಂತು, ನುಣ್ಣಗೆ, ಗುಲಾಬಿ ಬಣ್ಣದ್ದು. ಅದಕ್ಕೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಮಳೆ ಮುಗಿಯುತ್ತ ಬಂದಿತ್ತು. ದೀಪಾವಳಿ ಕಳೆದರೆ ಆಲೆಮನೆ ಶುರು. ಅಷ್ಟರಲ್ಲಿ ಈ ಬೆರಳಿಗೆ ಪಾಕ ತಿಳಿಯುತ್ತದೋ ಇಲ್ಲವೋ? ಅವನಿಗೆ ಅಂಗೈಯಗಲ ಜಮೀನಿಲ್ಲ. ಇದ್ದದ್ದೆಲ್ಲ ಆ ಮೂರು ಬೆರಳು. ಸಾಹೇಬರು ಅವನಿಗೆ ಕಾವಲುಗಾರನ ಕೆಲಸ ಕೊಡಿಸಿದ್ದರು. ಅವನು ಮಧ್ಯಾಹ್ನದ ಹೊತ್ತು ನನ್ನ ಪಕ್ಕ ಬಂದು ಕೂತು, ಕಣ್ಣು ಮುಚ್ಚಿ ಕೈ ಚಾಚುತ್ತಿದ್ದ.

"ಮಡಗವ್ವಾ."

ನಾನು ಬೆರಳ ತುದಿಗೆ ಒಂದು ಕಾಳು ಇಡುತ್ತಿದ್ದೆ. ರಾಗಿಯೋ ಸಾಸಿವೆಯೋ ಅವನು ಹೇಳಬೇಕು.

"ರಾಗಿ."

"ಸಾಸ್ವೆ ನಿಂಗಣ್ಣ."

ಮತ್ತೆ ಇಡುತ್ತಿದ್ದೆ. "ಸಾಸ್ವೆ." ನಾನು ಸುಮ್ಮನಾದರೆ ತಪ್ಪು ಅಂತ ಅವನಿಗೇ ಗೊತ್ತಾಗುತ್ತಿತ್ತು. ಕಣ್ಣು ಬಿಟ್ಟು ಕಾಳನ್ನು ನೋಡಿ, ಊದಿ ಹಾರಿಸುತ್ತಿದ್ದ. ದಸರೆಯ ಹೊತ್ತಿಗೆ ಕೆಲವೊಮ್ಮೆ ಸರಿ ಹೇಳತೊಡಗಿದ. ಉಗುರು ಅರ್ಧ ಬಂದಿತ್ತು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

ಆಲೆಮನೆಯ ಮೊದಲ ದಿನ ಬೋರೇಗೌಡರು ನಮ್ಮ ಶೆಡ್ಡಿನವರನ್ನೆಲ್ಲ ಕರೆದರು. ನಮ್ಮ ನೀರಿನಿಂದ ಬೆಳೆದ ಕಬ್ಬಲ್ಲವೇ! ಅವರಿಗೆ ನಿಂಗಣ್ಣನ ಮೇಲೆ ಅನುಮಾನವಿತ್ತು. ಬೇರೆ ಆಳು ಕರೆಸುತ್ತೇನೆ ಅಂದಿದ್ದರಂತೆ. "ಒಂದ್ ಕೊಪ್ಪರ್ಗೆ ನೋಡಿ ಗೌಡ್ರೇ, ಆಮ್ಯಾಕ್ ನೀವ್ ಯೋಳ್ದಂಗೆ," ಅಂತ ಇವನು ಬೇಡಿಕೊಂಡಿದ್ದನಂತೆ. ಗಂಡ ಹೋದವಳು ಶುಭಕಾರ್ಯದಲ್ಲಿ ಮುಂದೆ ನಿಲ್ಲಬಾರದು ಅಂತ ನಾನು ಸಿಪ್ಪೆಯ ರಾಶಿಯ ಪಕ್ಕ ನಿಂತೆ. ನಿಂಗಣ್ಣ ನೋಡಿದ. "ಅಲ್ಯಾಕ್ ನಿಂತ್ಕಂಡೆ ಸಾಕವ್ವ? ಈ ಬೆಳ್ಳಿಗ್ ನೀರ್ ಉಯ್ದೋಳು ನೀನು. ಹತ್ರ ಬಾ," ಅಂದ. ಹೋದೆ.

ಆಲೆಮನೆಯಲ್ಲಿ ಒಂದು ಪದ್ಧತಿ. ಒಲೆಯ ಪಕ್ಕ ಸಗಣಿಯಲ್ಲಿ ಬೆನವಪ್ಪನನ್ನು, ಅಂದರೆ ಗಣಪತಿಯನ್ನು ಮಾಡಿ ಗರಿಕೆ ಸಿಕ್ಕಿಸಿರುತ್ತಾರೆ. ವರ್ಷದ ಮೊದಲ ಅಚ್ಚು ಬೆಲ್ಲ ಅವನ ಮುಂದೆ ಇಡುವವರೆಗೆ ಹಾಲನ್ನಾಗಲಿ ಪಾಕವನ್ನಾಗಲಿ ಯಾರೂ ಬಾಯಿಗೆ ಹಾಕುವಂತಿಲ್ಲ. ಕಬ್ಬು ಮುರಿದು ತಿನ್ನುವಂತೆಯೂ ಇಲ್ಲ.

ಗದ್ದೆಯ ಕೆಳಭಾಗದ ದಪ್ಪ ಜಲ್ಲೆಗಳನ್ನು ಅರೆದರು. ಹಾಲು ಕುದಿಯಿತು. ನಿಂಗಣ್ಣ ಮಡಕೆಗೆ ಕೈ ಅದ್ದಿದ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಬೆರಳು ಪಾಕಕ್ಕೆ ಹೋಗಿ ಬಂತು. ಉರುಳಿಸಿ ನೋಡಿದ, ಮತ್ತೆ ನೋಡಿದ.

"ಇಳ್ಸಿ."

ಕೊಪ್ಪರಿಗೆ ಇಳಿಯಿತು. ತಣಿಸಿ, ಮರದ ಅಚ್ಚಿಗೆ ಸುರಿದರು. ಕಾದರು. ಅಚ್ಚು ಬೋರಲು ಹಾಕಿದಾಗ ಬೆಲ್ಲ ಬೀಳಲಿಲ್ಲ. ಹಲಸಿನ ಮೇಣದ ಹಾಗೆ ಎಳೆಯಿತು.

ಎರಡನೆಯ ಕೊಪ್ಪರಿಗೆ ಇಟ್ಟರು. ಈ ಸಲ ಹೆಚ್ಚು ಹೊತ್ತು ಬಿಟ್ಟ. ಪಾಕ ಕರ್ರಗಾಗಿ ಸೀದ ವಾಸನೆ ಬಂತು. ಅಚ್ಚಿಗೆ ಸುರಿದರೆ ಮತ್ತೆ ಮೇಣ!

"ನಿನ್ ಬೆಳ್ಳು ಸತ್ತೋಗವೆ ಕಣ್ಲಾ ನಿಂಗ," ಅಂದರು ಬೋರೇಗೌಡರು. ಬೈಗುಳದ ದನಿಯಲ್ಲಿ ಅಲ್ಲ, ಹೆಣದ ಮುಂದೆ ಆಡುವ ದನಿಯಲ್ಲಿ. ನಿಂಗಣ್ಣ ಒಲೆಯ ಕಟ್ಟೆಯ ಮೇಲೆ ಕೂತು, ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡ. ಯಾರದೋ ಕೈ ಕದ್ದು ತಂದವನ ಹಾಗೆ.

ಆಳು ಕಡಿಮೆಯಿದ್ದರು. ಕೊಪ್ಪರಿಗೆ ಕೆರೆಯಲು ನಾನೂ ಚೌಡಮ್ಮನೂ ಬಗ್ಗಿದೆವು. ಬಿಸಿ ಪಾಕದ ಒಂದು ಹನಿ ಹೆಬ್ಬೆರಳಿಗೆ ಸಿಡಿಯಿತು. ಸುಟ್ಟರೆ ಯಾರಾದರೂ ಏನು ಮಾಡುತ್ತಾರೆ? ಬೆರಳು ಬಾಯಿಗೆ ಹೋಯಿತು.

ಬೆನವಪ್ಪನಿಗಿಂತ ಮೊದಲು ಬಾಯಿಗೆ ಹಾಕಿಕೊಂಡೆನಲ್ಲ ಅನ್ನುವ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ನಾಲಿಗೆಯ ಮೇಲಿತ್ತು. ಚೌಡಮ್ಮನ ಕಿವಿಯಲ್ಲಿ ಉಸುರಿದೆ, "ಉಪ್ಪಾಗದೆ ಕಣೇ."

"ಏನು? ಬೆಲ್ಲ ಉಪ್ಪಾ?" ಚೌಡಮ್ಮನಿಗೆ ಗುಟ್ಟು ಅನ್ನುವುದು ಗೊತ್ತಿಲ್ಲ. "ಕೇಳ್ದ್ರಾ ಗೌಡ್ರೇ? ಬೆಲ್ಲ ಉಪ್ಪುಪ್ಪಾಗದಂತೆ! ಯಾರ್ಲಾ ಉಪ್ಪಾಕ್ದೋರು ಇದ್ಕೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬೆನವಪ್ಪನ್ಗ್ ಮಡಗಾಕ್ ಮುಂಚೆ ಬಾಯ್ಗಾಕಂಡ್ಯಾ?" ಬೋರೇಗೌಡರ ಕಣ್ಣು ಕೆಂಪಾಯಿತು. ಆದರೂ ನಿಂಗಣ್ಣ ಮುಚ್ಚಿಕೊಂಡಿದ್ದ ಆ ಕೈ ಕಾಣುತ್ತಿತ್ತಲ್ಲ. ಬಾಯಿ ತಾನಾಗಿ ತೆರೆಯಿತು.

"ನನ್ನ ಬೈರಿ ಗೌಡ್ರೇ, ಆಮೇಲೆ ಬೈರಿ. ಮೊದ್ಲು ನೀವೊಂದ್ ಚೂರು ಬಾಯ್ಗಾಕ್ಕಳಿ."

ಗೌಡರು ಬೆನವಪ್ಪನ ಕಡೆ ನೋಡಿದರು. ಕೆನ್ನೆ ತಟ್ಟಿಕೊಂಡು, ಸೌಟಿನ ತುದಿಯಿಂದ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿ, ಉಗಿದರು. ಸೌಟನ್ನು ಸಾಹೇಬರಿಗೆ ಚಾಚಿದರು. ಸಾಹೇಬರು ಬೆರಳಿಗೆ ತೆಗೆದುಕೊಂಡು ಬಾಯಿಗಿಟ್ಟರು. ಬೆರಳು ಬಾಯಲ್ಲೇ ಇತ್ತು, ಮುಖ ಹಾಗೆಯೇ ಹೆಪ್ಪುಗಟ್ಟಿತು. ಬುತ್ತಿಯ ಮುಂದೆ ಅವರು ಹೇಳಿದ್ದು ಆ ಗಳಿಗೆಯಲ್ಲಿ ಅವರಿಗೂ ನೆನಪಾಯಿತು, ನನಗೂ ನೆನಪಾಯಿತು.

"ಯಾ ಅಲ್ಲಾ," ಅಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ಗೌಡರೇ, ನಿಂಗಣ್ಣನ ಬೆರಳಲ್ಲಿ ತಪ್ಪಿಲ್ಲ. ಉಪ್ಪು ನಂದು. ಸುಡದ ಹಾಗೆ ಮಾಡ್ತೀನಿ ಅಂತ ನಿಮ್ಮ ಗದ್ದೆಗೆ ವರ್ಷವೆಲ್ಲ ಉಪ್ಪುನೀರು ಬಿಟ್ಟಿದ್ದೀನಿ. ಆ ಕಬ್ಬಿನ ಹಾಲು ಯಾರು ಕಾಯಿಸಿದರೂ ಕಟ್ಟಲ್ಲ."

ಅಷ್ಟೆತ್ತರ ನಿಂತ ಆ ಕಬ್ಬನ್ನು ನಾವೆಲ್ಲ ತಿರುಗಿ ನೋಡಿದೆವು. ಗಾಳಿಗೆ ತಲೆದೂಗುತ್ತಿತ್ತು, ಚೆಲುವಾಗಿ.

ಮುಂದೆ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆ ಸಂಜೆಯದ್ದು ಕೊನೆಗೆ ಇರಲಿ. ಮಾರನೆಯ ದಿನವೇ ಸಾಹೇಬರು ನೀರು ಬಿಡುವುದನ್ನು ನಿಲ್ಲಿಸಿದರು. ಸೋಡದ ಬದಲು ಪೊಟ್ಯಾಷಿನ ಖಾರ, ಹಳೆಯ ಆಸಿಡ್ಡಿನ ಬದಲು ರಂಜಕದ ಆಸಿಡ್ಡು ಬಳಸಬೇಕು, ಆಗ ಕೂಡಿ ಆಗುವುದು ಉಪ್ಪಲ್ಲ, ಗೊಬ್ಬರವೇ ಅಂದರು. ದುಬಾರಿ ಅಂತ ಮಾಲೀಕರು ಕೂಗಾಡಿದರು. ಹಾಗಾದರೆ ಶೆಡ್ಡಿಗೆ ಬೀಗ ಹಾಕಿ ಅಂದರು ಸಾಹೇಬರು. ಮಾಲೀಕರು ಗೊಣಗುತ್ತಲೇ ಒಪ್ಪಿದರು. ಪೀಪಾಯಿಯಲ್ಲಿ ನೀರು ಒಯ್ದವರ ತೋಟಗಳಿಗೆಲ್ಲ ಸಾಹೇಬರು ಮೊಪೆಡ್ಡಿನಲ್ಲಿ ಹೋಗಿ, ಇನ್ನು ಹಾಕಬೇಡಿ ಅಂತ ಬೇಡಿಕೊಂಡು ಬಂದರು. ಗೌಡರ ಗದ್ದೆಗೆ ಜಿಪ್ಸಂ ಎರಚಿ, ನಾಲೆಯ ನೀರು ನಿಲ್ಲಿಸಿ ಬಸಿದು, ಸೆಣಬು ಬಿತ್ತಿ ಉತ್ತು, ಮಣ್ಣು ಮೊದಲಿನಂತಾಗಲು ವರ್ಷಗಳೇ ಹಿಡಿದವು. ಗೌಡರು ಆ ವರ್ಷಗಳಲ್ಲಿ ಸಾಹೇಬರನ್ನು ಬೈದದ್ದೂ ಉಂಟು, ಹಬ್ಬಕ್ಕೆ ಊಟಕ್ಕೆ ಕರೆದದ್ದೂ ಉಂಟು. ನಾನು ಆ ಶೆಡ್ಡಿನಲ್ಲಿ ಕೂದಲು ನರೆಯುವವರೆಗೆ ದುಡಿದೆ. ಗುಂಡಿಯ ನೀರನ್ನು ಹೊರಬಿಡುವ ಮುಂಚೆ ಕಾಗದವನ್ನೂ ಅದ್ದುತ್ತಿದ್ದೆವು, ಅದರಲ್ಲಿ ಉಪ್ಪೆಷ್ಟಿದೆ ಅಂತಲೂ ನೋಡುತ್ತಿದ್ದೆವು. ನೀರು ಸುಡುವುದಿಲ್ಲ ಅಂತ ಯಾರಾದರೂ ನಿನಗೆ ಹೇಳಿದರೆ ಅಷ್ಟಕ್ಕೆ ಬಿಡಬೇಡ. ಮತ್ತೇನಿದೆ ಅದರಲ್ಲಿ, ಎಲ್ಲಿಗೆ ಹೋಗುತ್ತದೆ ಅಂತ ಕೇಳು.

ಇನ್ನು ಆ ಸಂಜೆ. ಗದ್ದೆಯ ಮೇಲ್ಭಾಗದ ಕಬ್ಬು ಕಡಿದು ತರಲು ಬೋರೇಗೌಡರೇ ಹೇಳಿದರು. ನಮ್ಮ ನೀರು ಕಾಣದ, ಚೌಡಮ್ಮನ ಮಲಮಗ. ಅರೆದರು. ಹಾಲು ಸ್ವಲ್ಪವೇ ಬಂತು. ಕುದಿಯುವ ಹೊತ್ತಿಗೆ ನಿಂಗಣ್ಣ ಏಳಲಿಲ್ಲ.

"ಬ್ಯಾಡ ಗೌಡ್ರೇ. ಇದೂ ಕಟ್ನಿಲ್ಲ ಅಂದ್ರೆ ನಾನ್ ಬದ್ಕಾಕಿಲ್ಲ."

"ಏಳ್ಲಾ ಲೇ. ಕಟ್ನಿಲ್ಲ ಅಂದ್ರೆ ನಾನೂ ನೀನೂ ಸಾಬ್ರೂ ಮೂರೂ ಜನ ಮೇಣ ನೆಕ್ಕಂಡ್ ಕೂತ್ಕಳವ."

ಎದ್ದ. ಮಡಕೆಗೆ ಅದ್ದಿದ. ಬೆರಳು ಪಾಕಕ್ಕೆ ಹೋಗಿ ಬಂತು. ಉರುಳಿಸಿದ. ಇಲ್ಲ ಅಂತ ತಲೆಯಾಡಿಸಿದ. ಒಲೆಗೆ ಇನ್ನಷ್ಟು ಸಿಪ್ಪೆ ತಳ್ಳಿದರು. ಮತ್ತೆ ಅದ್ದಿದ. ಈ ಸಲ ಕಣ್ಣು ಮುಚ್ಚಿ ಬೆರಳುಗಳ ನಡುವೆ ಉಂಡೆಯನ್ನು ಹಿಡಿದು ನಿಂತ, ರಾಗಿ ಕಾಳು ಹಿಡಿದು ನಿಲ್ಲುತ್ತಿದ್ದ ಹಾಗೆಯೇ.

"ಇಳ್ಸಿ. ಬಿರ್ನೆ!"

ಸುರಿದರು, ಕಾದರು. ಅಚ್ಚು ಬೋರಲು ಹಾಕಿ ಗೌಡರು ಅದರ ಬೆನ್ನಿಗೆ ತಟ್ಟಿದರು. ಒಂದೊಂದೇ ಅಚ್ಚು ಠಕ್ ಠಕ್ ಅಂತ ಚಾಪೆಯ ಮೇಲೆ ಬಿತ್ತು, ಹೊಂಬಣ್ಣದ್ದು. ಚೌಡಮ್ಮ ಕೇಕೆ ಹಾಕಿದಳು. ಸಾಹೇಬರು ಕಂಬಕ್ಕೆ ಹಣೆ ಒತ್ತಿಕೊಂಡರು. ಮೊದಲ ಅಚ್ಚು ಬೆನವಪ್ಪನ ಮುಂದೆ ಹೋಯಿತು.

ಬೆಲ್ಲ ಗಟ್ಟಿಯಾಯಿತೋ ಇಲ್ಲವೋ ಅಂತ ಪಾಕದವನು ಉಗುರು ಒತ್ತಿ ನೋಡುವುದು ರೂಢಿ. ನಿಂಗಣ್ಣ ಇನ್ನೊಂದು ಅಚ್ಚು ಕೈಗೆತ್ತಿಕೊಂಡು, ಅಭ್ಯಾಸದಂತೆ ಒತ್ತಿದ. ಬೆಲ್ಲ ಅಲುಗಲಿಲ್ಲ. ಈರುಳ್ಳಿ ಸಿಪ್ಪೆಯಂಥ ಆ ಹೊಸ ಉಗುರು ಮಡಿಚಿಕೊಂಡಿತು. "ಆಹ್!" ಅಂತ ಕೈ ಕೊಡವಿದ. ಉಗುರನ್ನು ನೋಡಿಕೊಂಡ, ಬೆಲ್ಲವನ್ನು ನೋಡಿದ. ಮುಖದ ತುಂಬ ನಗು.

"ನೋಯ್ತದೆ ಕಣವ್ವಾ ಸಾಕವ್ವ," ಅಂದ. "ಬೆಳ್ಳು ಬದ್ಕವೆ!"